ಜನಪ್ರತಿನಿಧಿಗೆ ಅಹವಾಲು: ಯಾರಿಗೆ, ಯಾವಾಗ, ಹೇಗೆ?

ಮನವಿ ಪತ್ರದ ಮೂಲೆಯಲ್ಲಿ ಶಾಸಕರು ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಷರಾ ಬರೆದು ಸಹಿ ಹಾಕಿದರೆ ಕೆಲಸ ಮುಗಿದಂತೆಯೇ ಎಂದು ಭಾವಿಸುವವರು ಬಹಳ ಮಂದಿ. ಆ ಷರಾ ಹೊತ್ತ ಪತ್ರ ಆಪ್ತ ಸಹಾಯಕರ ಮೇಜಿನಿಂದ ಇಲಾಖೆಗೆ, ಇಲಾಖೆಯಿಂದ ಅಧೀನ ಕಚೇರಿಗೆ ಇಳಿದು, ಯಾವುದೋ ಕಡತದೊಳಗೆ ಸೇರಿ ಮೌನವಾಗುವುದೇ ಹೆಚ್ಚು. ಕೆಲವು ತಿಂಗಳ ನಂತರ ಶಾಸಕರಿಗೆ ಅದರ ನೆನಪೂ ಇರುವುದಿಲ್ಲ. ಇದರಲ್ಲಿ ತಪ್ಪೆಲ್ಲ ಅವರದೇ ಎನ್ನಲಾಗದು. ನಮ್ಮ ಶಾಸನಸಭೆಗಳ ಸದಸ್ಯರಿಗೆ ಅಧಿಕಾರಿಗಳಿಗೆ ಆದೇಶ ನೀಡುವ ಅಧಿಕಾರ ಇಲ್ಲವೆನ್ನುವಷ್ಟು ಕಡಿಮೆ. ಸರ್ಕಾರವನ್ನು ಪ್ರಶ್ನಿಸುವ ಅಧಿಕಾರ ಮಾತ್ರ ಸಾಕಷ್ಟಿದೆ. ಪತ್ರ ಬರೆಯುವವರು ಕೇಳುವುದು ಮೊದಲನೆಯದನ್ನು.

ಬಾಗಿಲು ತಪ್ಪಬಾರದು

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ವಿಧಾನಸಭೆಯ ಸದಸ್ಯಬಲ 224, ವಿಧಾನ ಪರಿಷತ್ತಿನದು 75. ರೈಲ್ವೆ, ರಾಷ್ಟ್ರೀಯ ಹೆದ್ದಾರಿ, ಅಂಚೆ, ಪಾಸ್‌ಪೋರ್ಟ್ ಮುಂತಾದವು ಕೇಂದ್ರದ ವಿಷಯಗಳಾದ್ದರಿಂದ ಸಂಸದರ ಬಳಿ ಹೋಗಬೇಕು. ಪೊಲೀಸ್, ಕಂದಾಯ, ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆಗಳು ರಾಜ್ಯದ ಹೊಣೆ. ಬೀದಿ ದೀಪ, ಚರಂಡಿ, ಕಸ ವಿಲೇವಾರಿಗೆ ನಗರಸಭೆ ಅಥವಾ ಪಾಲಿಕೆಯ ಸದಸ್ಯರನ್ನು ಕಾಣಬೇಕು. ಕೆಲವು ವಿಷಯಗಳು ಹೀಗೆ ಅಚ್ಚುಕಟ್ಟಾಗಿ ಹಂಚಿಹೋಗುವುದಿಲ್ಲ. ಊರಿನ ರೈಲ್ವೆ ಗೇಟಿಗೆ ಮೇಲ್ಸೇತುವೆ ಬೇಕೆಂದರೆ ಮಂಜೂರಾತಿ ರೈಲ್ವೆಯಿಂದ ಬರಬೇಕು. ಸಂಪರ್ಕ ರಸ್ತೆಗೆ ಬೇಕಾದ ಭೂಸ್ವಾಧೀನ ರಾಜ್ಯದ ಅಧಿಕಾರಿಗಳ ಮೂಲಕ ಆಗಬೇಕು. ಸಂಸದರಿಗೊಂದು, ಶಾಸಕರಿಗೊಂದು ಪತ್ರ ಬರೆದು, ಒಂದರ ಪ್ರತಿಯನ್ನು ಮತ್ತೊಂದಕ್ಕೆ ಲಗತ್ತಿಸದಿದ್ದರೆ ಇಬ್ಬರೂ ಪರಸ್ಪರರತ್ತ ಬೆರಳು ತೋರಿಸುವುದು ಖಚಿತ.

ಬೆಂಗಳೂರಿನವರ ಪಾಡು ಬೇರೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. ವಾರ್ಡಿನ ಗುಂಡಿ ಮುಚ್ಚಿಸಲೂ ಶಾಸಕರ ಮನೆ ಬಾಗಿಲಿಗೆ ಹೋಗುವ ರೂಢಿ ಅಷ್ಟು ವರ್ಷಗಳಲ್ಲಿ ಗಟ್ಟಿಯಾಯಿತು. ಶಾಸನ ರೂಪಿಸಬೇಕಾದವರ ಸಮಯ ಗುಂಡಿಗಳಿಗೆ ಸಂದಾಯವಾಯಿತು.

ಪದವೀಧರ ಓದುಗರು ಮರೆಯುವ ಇನ್ನೊಂದು ಬಾಗಿಲಿದೆ. ವಿಧಾನ ಪರಿಷತ್ತಿನಲ್ಲಿ ಪದವೀಧರ ಕ್ಷೇತ್ರಗಳಿಂದ 7, ಶಿಕ್ಷಕರ ಕ್ಷೇತ್ರಗಳಿಂದ 7 ಸದಸ್ಯರು ಆರು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಾರೆ. ಪದವಿ ಪಡೆದು ಮೂರು ವರ್ಷ ಕಳೆದವರು ಪ್ರತ್ಯೇಕ ಅರ್ಜಿ ಸಲ್ಲಿಸಿದರೆ ಮಾತ್ರ ಮತದಾರರ ಪಟ್ಟಿಗೆ ಸೇರುತ್ತಾರೆ. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಹೀಗಾಗಿ ತಮ್ಮನ್ನು ಪ್ರತಿನಿಧಿಸುವ ಇಂಥವರೊಬ್ಬರು ಇದ್ದಾರೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಪ್ರಶ್ನೆಯಾಗಬಲ್ಲ ಪತ್ರ

‘ನಮ್ಮ ಬಡಾವಣೆಯಲ್ಲಿ ಕುಡಿಯುವ ನೀರಿನ ಸಮಸ್ಯೆ ತೀವ್ರವಾಗಿದ್ದು ದಯಮಾಡಿ ಪರಿಹರಿಸಬೇಕು’ ಎಂಬ ಪತ್ರಕ್ಕೆ ಷರಾ ಬರೆಯುವುದನ್ನು ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಅದೇ ಪತ್ರದಲ್ಲಿ, ನೀರಿನ ಟ್ಯಾಂಕಿನ ಕಾಮಗಾರಿಗೆ ಕಾರ್ಯಾದೇಶ ನೀಡಿದ ದಿನಾಂಕ ಯಾವುದು, ಗುತ್ತಿಗೆದಾರರಿಗೆ ಈವರೆಗೆ ಪಾವತಿಸಿದ ಮೊತ್ತವೆಷ್ಟು, ಕಾಮಗಾರಿ ನಿಂತಿದ್ದೇಕೆ, ಮುಗಿಯುವುದೆಂದು ಎಂದು ಸದನದಲ್ಲಿ ಕೇಳಬೇಕಾಗಿ ಕೋರಿದರೆ, ಶಾಸಕರು ಅದನ್ನು ಹೆಚ್ಚು ತಿದ್ದದೆ ಸಚಿವಾಲಯಕ್ಕೆ ಕಳುಹಿಸಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿರುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ನಾಗರಿಕರಿಗೆ ಹಲವು ಸಲ ಈ ಎರಡನೆಯದೇ ಹೆಚ್ಚು ಉಪಯುಕ್ತ. ಗದ್ದಲದಲ್ಲಿ ಪ್ರಶ್ನೋತ್ತರ ಕಲಾಪ ಕೊಚ್ಚಿಹೋದರೂ ಲಿಖಿತ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಸಚಿವರು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದು ಮಾತು ಕೊಟ್ಟರೆ, ಅದು ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ.

ಪ್ರಶ್ನೆಗೆ ಬೇಕಾದ ವಿವರವನ್ನು ಒದಗಿಸಲು 2005ರ ಮಾಹಿತಿ ಹಕ್ಕು ಕಾಯ್ದೆ ನೆರವಾಗುತ್ತದೆ. 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರಬಾರದು. ಉತ್ತರದ ಪ್ರತಿಯನ್ನು ಮನವಿಗೆ ಲಗತ್ತಿಸಿದರೆ, ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಇಲಾಖೆ ಜಾರಿಕೊಳ್ಳುವುದು ಕಷ್ಟವಾಗುತ್ತದೆ. ಪತ್ರ ಒಂದು ಪುಟ ದಾಟದಿರಲಿ. ಶಾಸಕರೊಬ್ಬರ ಕಚೇರಿಯಲ್ಲಿ ಈ ವರದಿಗಾರ ಕಂಡ ಹದಿನಾಲ್ಕು ಪುಟಗಳ ಮನವಿಯೊಂದರಲ್ಲಿ ಕಾಮಗಾರಿಯ ಹೆಸರು ಕಾಣಿಸಿಕೊಂಡದ್ದು ಹನ್ನೊಂದನೆಯ ಪುಟದಲ್ಲಿ. ಅಷ್ಟರವರೆಗೆ ಓದುವ ವ್ಯವಧಾನ ಯಾರಿಗೂ ಇದ್ದಂತಿರಲಿಲ್ಲ.

ಸಮಯವೂ ಮುಖ್ಯ. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನಗಳ ಪೂರ್ವ ಸೂಚನೆ ಅಗತ್ಯ. ವಿಧಾನಮಂಡಲದ ಪ್ರಶ್ನೆಗಳೂ ಅಧಿವೇಶನ ಆರಂಭವಾಗುವ ಮೊದಲೇ ಸಲ್ಲಿಕೆಯಾಗಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದ ಮೇಲೆ ಪತ್ರ ಹಿಡಿದು ಅಲ್ಲಿಗೆ ಓಡಿದರೆ, ಹೆಚ್ಚೆಂದರೆ ಶೂನ್ಯ ವೇಳೆಯಲ್ಲಿ ಒಂದೆರಡು ನಿಮಿಷದ ಪ್ರಸ್ತಾಪ ಸಿಕ್ಕೀತು.

ಒಂದು ಎಚ್ಚರಿಕೆ: ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ನಿಮ್ಮ ಕ್ಷೇತ್ರದ ಶಾಸಕರೇ ಮಂತ್ರಿಯಾಗಿದ್ದರೆ ಪ್ರಶ್ನೆಗಾಗಿ ಪರಿಷತ್ ಸದಸ್ಯರನ್ನೋ ಪ್ರತಿಪಕ್ಷದ ಶಾಸಕರನ್ನೋ ಕೋರುವುದು ಅನಿವಾರ್ಯ. ಕ್ಷೇತ್ರದ ಮಂತ್ರಿಗೆ ಇದರಿಂದ ಮುಜುಗರವಾಗುವುದೂ ಉಂಟು. ಕೆಲಸ ಬೇಗ ಮುಗಿಯುವುದು ಕೆಲವೊಮ್ಮೆ ಆ ಮುಜುಗರದಿಂದಲೇ.

ಮಸೂದೆಯ ಮಾತು ಬಂದಾಗ

ಕಾನೂನಿನ ಬಗೆಗಿನ ಅಭಿಪ್ರಾಯ ತಿಳಿಸುವಾಗ ದಾರಿ ಬದಲಾಗುತ್ತದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಧಿಕ್ಕರಿಸಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಆಡಳಿತ ಪಕ್ಷದ ಶಾಸಕರಿಗೆ ‘ಈ ಮಸೂದೆಯ ವಿರುದ್ಧ ಮತ ಚಲಾಯಿಸಿ’ ಎಂದು ಬರೆಯುವುದರಿಂದ ಪ್ರಯೋಜನ ತೀರ ಅಪರೂಪ. ಇಂತಿಂಥ ಕಲಮಿಗೆ ಇಂತಿಂಥ ತಿದ್ದುಪಡಿ ಸೂಚಿಸಿ, ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸುವಂತೆ ಒತ್ತಾಯಿಸಿ ಎಂದರೆ ಪಕ್ಷದೊಳಗಿದ್ದೇ ಅವರು ಮಾಡಬಹುದಾದ ಕೆಲಸವನ್ನು ತೋರಿಸಿದಂತಾಗುತ್ತದೆ. ಕೇಂದ್ರದ ಕರಡು ಶಾಸನಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನೀತಿ 2014ರಿಂದ ಇದೆ, ಪಾಲನೆ ಮಾತ್ರ ಅಷ್ಟಕ್ಕಷ್ಟೆ. ಸಂಸತ್ತಿನ ಸ್ಥಾಯಿ ಸಮಿತಿಗೆ ಹೋದ ಮಸೂದೆಯ ಬಗ್ಗೆ ಸಲಹೆ ಆಹ್ವಾನಿಸುವ ಪ್ರಕಟಣೆಗಳು ಪತ್ರಿಕೆಗಳಲ್ಲಿ ಬರುತ್ತವೆ. ಅವುಗಳಿಗೆ ನೇರವಾಗಿ ಬರೆದು ಪ್ರತಿಯನ್ನು ಸಂಸದರಿಗೆ ಕಳುಹಿಸುವುದು ಉತ್ತಮ. ರಾಜ್ಯದಲ್ಲಿ ಮಂಡನೆಯಾದ ಕೆಲವೇ ದಿನಗಳಲ್ಲಿ ಮಸೂದೆ ಅಂಗೀಕಾರವಾಗುವುದು ಹೊಸತಲ್ಲವಾದ್ದರಿಂದ, ಸಂಪುಟ ಒಪ್ಪಿಗೆ ನೀಡಿದ ಸುದ್ದಿ ಬಂದಾಗಲೇ ಬರೆಯಬೇಕು.

ಒಂದೇ ಒಕ್ಕಣೆಯ ನೂರಾರು ಇ-ಮೇಲ್‌ಗಳನ್ನು ಆಪ್ತ ಸಹಾಯಕರು ಒಂದೆಂದೇ ಎಣಿಸುತ್ತಾರೆ. ಜನರೇ ಬೀದಿಗಿಳಿದಾಗ ಲೆಕ್ಕ ಬೇರೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ವಿರುದ್ಧ ನಾಗರಿಕರು ಮಾನವ ಸರಪಳಿ ರಚಿಸಿದ್ದು 2016ರ ಅಕ್ಟೋಬರ್‌ನಲ್ಲಿ. ಮರುವರ್ಷದ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು.

ಸದನದ ಹೊರಗೆ

ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲಾ ಮಟ್ಟದ ‘ದಿಶಾ’ ಸಮಿತಿಗೆ ಸಂಸದರು ಅಧ್ಯಕ್ಷರು. ಎಲ್ಲ ಇಲಾಖೆಗಳ ಅಧಿಕಾರಿಗಳು ಎದುರಿಗೆ ಕುಳಿತಿರುವ ಈ ಸಭೆಗಳಲ್ಲಿ ಪ್ರಸ್ತಾಪಿಸಲು ಕೋರಿದ ವಿಷಯ ನಡಾವಳಿಯಲ್ಲಿ ದಾಖಲಾಗುತ್ತದೆ. ಪ್ರದೇಶಾಭಿವೃದ್ಧಿ ನಿಧಿಯಡಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯವರೆಗಿನ ಕಾಮಗಾರಿಗಳನ್ನು ಶಿಫಾರಸು ಮಾಡಲು ಅವಕಾಶವಿದೆ. ಮಂಜೂರು ಮಾಡುವುದು ಜಿಲ್ಲಾಡಳಿತ.

ಪತ್ರ ಕೊಟ್ಟಾಗ ಸ್ವೀಕೃತಿಯ ಮುದ್ರೆ ಪಡೆಯಲೇಬೇಕು. ಅದನ್ನು ಯಾವ ಕಚೇರಿಗೆ, ಯಾವ ಪತ್ರ ಸಂಖ್ಯೆಯಡಿ ಕಳುಹಿಸಲಾಯಿತೆಂದು ವಾರದ ನಂತರ ವಿಚಾರಿಸಿಟ್ಟುಕೊಂಡರೆ, ಅಲ್ಲಿ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿಯೇ ಕೇಳಬಹುದು. ಚುನಾವಣೆ ಹತ್ತಿರವಿದ್ದರೆ ಇಷ್ಟೆಲ್ಲವನ್ನೂ ಮೊದಲೇ ಮುಗಿಸುವುದು ಲೇಸು. ದಿನಾಂಕ ಪ್ರಕಟವಾದ ಕ್ಷಣದಿಂದ ಮಾದರಿ ನೀತಿ ಸಂಹಿತೆ ಜಾರಿಗೆ ಬಂದು, ಹೊಸ ಕಾಮಗಾರಿಗಳ ಮಂಜೂರಾತಿ ಫಲಿತಾಂಶದ ನಂತರಕ್ಕೆ ಹೋಗುತ್ತದೆ. ಆ ಹೊತ್ತಿಗೆ ಶಾಸಕರೂ ಬದಲಾಗಿರಬಹುದು.