ಊರನ್ನು ನೋಡುವ ಕಣ್ಣುಗಳು

ನಿಮ್ಮ ಊರಿನ ಗ್ರಾಮ ಪಂಚಾಯಿತಿ ಕಚೇರಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಒಬ್ಬರಿಗೆ ಅದು ಖಾತೆಯ ನಕಲು ಸಿಗುವ ಜಾಗ. ಇನ್ನೊಬ್ಬರಿಗೆ ನೀರಿನ ಕರ ಕಟ್ಟುವ ಜಾಗ. ಮತ್ತೊಬ್ಬರಿಗೆ ಊರಿನ ಬಣಗಳು ಸೆಣಸುವ ಅಖಾಡ. ಕಟ್ಟಡ ಒಂದೇ; ನೋಡುವ ಕಣ್ಣುಗಳು ಹಲವು. ಸ್ಥಳೀಯ ಆಡಳಿತವನ್ನು ಅಧ್ಯಯನ ಮಾಡಿದ ವಿದ್ವಾಂಸರ ಕಥೆಯೂ ಹೀಗೆಯೇ. ಕಳೆದ ಎರಡು ಶತಮಾನಗಳಲ್ಲಿ ಅವರು ಊರನ್ನು ಬೇರೆ ಬೇರೆ ದೃಷ್ಟಿಕೋನಗಳಿಂದ ಕಂಡರು. ಯಾವ ದೃಷ್ಟಿಕೋನ ಮೇಲುಗೈ ಪಡೆಯಿತೋ ಅದಕ್ಕೆ ತಕ್ಕಂತೆ ಕಾನೂನುಗಳು ರೂಪುಗೊಂಡವು, ಅದಕ್ಕೆ ತಕ್ಕಂತೆ ಜನರ ಬದುಕೂ ಬದಲಾಯಿತು. ಆದ್ದರಿಂದ ಈ ಸಿದ್ಧಾಂತಗಳ ಇತಿಹಾಸವನ್ನು ಪಂಡಿತರ ಪಾಲಿಗಷ್ಟೇ ಬಿಟ್ಟುಬಿಡುವುದು ಸರಿಯಲ್ಲ.

ಈ ಕಥೆಯ ಮೊದಲ ಅಧ್ಯಾಯದಲ್ಲಿಯೇ ನಮ್ಮ ನಾಡಿದೆ ಎಂಬುದು ಗಮನಾರ್ಹ. ಟಿಪ್ಪುವಿನ ಪತನದ ನಂತರದ ವರ್ಷಗಳಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಹುದ್ದೆಯನ್ನು ನಿರ್ವಹಿಸಿದ ಮಾರ್ಕ್ ವಿಲ್ಕ್ಸ್ 1810ರಲ್ಲಿ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದನು. ಅದರಲ್ಲಿ ಅವನು ಹಳ್ಳಿಯ ಹನ್ನೆರಡು ಮಂದಿ ಆಯಗಾರರನ್ನು ವರ್ಣಿಸಿದನು: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮತ್ತು ಅಕ್ಕಸಾಲಿಗ. ಇವರೆಲ್ಲರಿಗೂ ಹಳ್ಳಿಯೇ ಭೂಮಿಯನ್ನೋ ಧಾನ್ಯವನ್ನೋ ಕೊಟ್ಟು ಸಾಕುತ್ತಿತ್ತು. ಇಂತಹ ಪ್ರತಿಯೊಂದು ಹಳ್ಳಿಯೂ ಒಂದು ಪ್ರತ್ಯೇಕ ಗಣರಾಜ್ಯದಂತಿದೆ ಎಂಬುದು ವಿಲ್ಕ್ಸ್‌ನ ತೀರ್ಮಾನ. 1812ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದರ ವರದಿ ಇದೇ ಬಗೆಯ ಚಿತ್ರವನ್ನು ನೀಡಿತು. 1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ತನ್ನ ಟಿಪ್ಪಣಿಯೊಂದರಲ್ಲಿ, ರಾಜವಂಶಗಳು ಬಂದು ಹೋದರೂ ಈ ಪುಟ್ಟ ಗಣರಾಜ್ಯಗಳು ಮಾತ್ರ ಅಳಿಯದೆ ಉಳಿದಿವೆ ಎಂದು ಹೊಗಳಿದನು. ಕಾರ್ಲ್ ಮಾರ್ಕ್ಸ್ 1867ರ ತನ್ನ ಮಹಾಗ್ರಂಥದಲ್ಲಿ ವಿಲ್ಕ್ಸ್‌ನನ್ನು ಉಲ್ಲೇಖಿಸಿದನು. ಹೆನ್ರಿ ಮೇನ್ 1871ರಲ್ಲಿ ಪೂರ್ವ ಮತ್ತು ಪಶ್ಚಿಮದ ಗ್ರಾಮ ಸಮುದಾಯಗಳನ್ನು ಹೋಲಿಸಿ ಗ್ರಂಥ ರಚಿಸಿದನು. ಹೀಗೆ ಕನ್ನಡದ ಹಳ್ಳಿಯ ಚಿತ್ರವೊಂದು ಯುರೋಪಿನ ಚಿಂತನೆಯ ಭಾಗವಾಯಿತು.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕು. ಈ ಅಧಿಕಾರಿಗಳು ಹಳ್ಳಿಯನ್ನು ಅಷ್ಟೊಂದು ಆಸ್ಥೆಯಿಂದ ನೋಡಿದ್ದು ಯಾತಕ್ಕಾಗಿ? ಮುಖ್ಯವಾಗಿ ಕಂದಾಯಕ್ಕಾಗಿ. ತೆರಿಗೆಯನ್ನು ಒಬ್ಬೊಬ್ಬ ರೈತನಿಂದ ವಸೂಲು ಮಾಡಬೇಕೇ, ಇಡೀ ಹಳ್ಳಿಯನ್ನೇ ಹೊಣೆಯಾಗಿಸಬೇಕೇ ಎಂಬುದು ಅಂದಿನ ದೊಡ್ಡ ಚರ್ಚೆ. ಮೆಟ್‌ಕಾಫ್ ಬರೆದದ್ದೂ ಆ ಚರ್ಚೆಯ ನಡುವೆಯೇ. ಹಳ್ಳಿಯನ್ನು ಒಂದೇ ಘಟಕವಾಗಿ ನೋಡಿದ ಆ ಕಣ್ಣಿಗೆ ಹಳ್ಳಿಯೊಳಗಿನ ಗೋಡೆಗಳು ಕಾಣಲಿಲ್ಲ. ತೋಟಿಯ ಹೆಸರು ಪಟ್ಟಿಯಲ್ಲಿತ್ತು. ಅವನ ಮನೆ ಊರ ಹೊರಗೇಕೆ ಇತ್ತು ಎಂಬ ಪ್ರಶ್ನೆ ಅಲ್ಲಿರಲಿಲ್ಲ.

ಎರಡನೆಯ ದೃಷ್ಟಿಕೋನ ಪಶ್ಚಿಮದಲ್ಲಿ ಹುಟ್ಟಿತು. ಫ್ರಾನ್ಸಿನ ಅಲೆಕ್ಸಿ ದ ತೊಕ್ವಿಲ್ ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತ ತನ್ನ ಗ್ರಂಥದಲ್ಲಿ (1835) ನ್ಯೂ ಇಂಗ್ಲೆಂಡಿನ ಊರಸಭೆಗಳನ್ನು ಸ್ವಾತಂತ್ರ್ಯದ ಪ್ರಾಥಮಿಕ ಶಾಲೆಗಳಾಗಿ ಕಂಡನು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಬಹುಕಾಲ ದುಡಿದ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಇದೇ ವಿಚಾರವನ್ನು ಬೆಳೆಸಿದನು. ಸಾಮಾನ್ಯ ಮನುಷ್ಯನು ತನ್ನ ಮನೆಯಾಚೆಯ ಹಿತವನ್ನು ಕುರಿತು ಯೋಚಿಸಲು ಕಲಿಯುವುದು ಸ್ಥಳೀಯ ಸಂಸ್ಥೆಗಳಲ್ಲಿ ಎಂಬುದು ಅವನ ವಾದದ ತಿರುಳು. 1882ರ ಮೇ 18ರಂದು ವೈಸರಾಯ್ ಲಾರ್ಡ್ ರಿಪನ್ ಹೊರಡಿಸಿದ ನಿರ್ಣಯದಲ್ಲಿ ಈ ಚಿಂತನೆ ಭಾರತಕ್ಕೂ ಬಂದಿತು. ಆಡಳಿತ ಉತ್ತಮಗೊಳ್ಳುತ್ತದೆ ಎಂಬುದಕ್ಕಿಂತ ಮಿಗಿಲಾಗಿ, ಜನರು ರಾಜಕೀಯ ಶಿಕ್ಷಣ ಪಡೆಯುತ್ತಾರೆ ಎಂಬ ಕಾರಣಕ್ಕೆ ಸ್ಥಳೀಯ ಸ್ವಯಮಾಡಳಿತ ಬೇಕೆಂದು ಆ ನಿರ್ಣಯ ಹೇಳಿತು. ಇಲ್ಲಿ ಊರು ಕಂದಾಯದ ಘಟಕವಾಗಿರದೆ ಶಾಲೆಯಾಯಿತು. ಆದರೆ ಆ ಶಾಲೆಗೆ ಪ್ರವೇಶ ಸಿಕ್ಕಿದ್ದು ಕೆಲವರಿಗೆ ಮಾತ್ರ. ಆಸ್ತಿಯಿಲ್ಲದವರು ಹೊರಗೇ ಉಳಿದರು.

ಸ್ವಾತಂತ್ರ್ಯ ಬಂದಾಗ ಈ ದೃಷ್ಟಿಕೋನಗಳು ಮುಖಾಮುಖಿಯಾದವು. ಗಾಂಧೀಜಿಯವರು ಗ್ರಾಮ ಸ್ವರಾಜ್ಯದ ಕನಸನ್ನು ಬಿತ್ತಿದ್ದರು. ಆದರೆ 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟ ಡಾ. ಅಂಬೇಡ್ಕರರು ಮೆಟ್‌ಕಾಫ್‌ನ ಮಾತುಗಳನ್ನೇ ಎತ್ತಿಕೊಂಡು, ಆ ಗಣರಾಜ್ಯಗಳು ದೇಶಕ್ಕೆ ಕೇಡನ್ನೇ ತಂದವೆಂದು ಖಂಡಿಸಿದರು. ಅಜ್ಞಾನ, ಸಂಕುಚಿತತೆ ಮತ್ತು ಕೋಮುಭಾವನೆಗಳ ನೆಲೆಯಾದ ಹಳ್ಳಿಯನ್ನು ಬಿಟ್ಟು, ವ್ಯಕ್ತಿಯನ್ನೇ ಘಟಕವಾಗಿ ಸಂವಿಧಾನ ಆರಿಸಿಕೊಂಡದ್ದು ಅವರಿಗೆ ಸಮಾಧಾನ ತಂದಿತ್ತು. ಅದೇ ತಿಂಗಳು ಕೆ. ಸಂತಾನಂ ಅವರ ತಿದ್ದುಪಡಿಯಿಂದ ಗ್ರಾಮ ಪಂಚಾಯಿತಿಗಳನ್ನು ಕುರಿತ ವಿಧಿ ಸೇರಿತು. ಅದೇ ಇಂದಿನ 40ನೆಯ ವಿಧಿ. ಆದರೆ ಅದು ನಿರ್ದೇಶಕ ತತ್ವಗಳ ಸಾಲಿಗೆ ಸೇರಿದ್ದರಿಂದ ಯಾರೂ ನ್ಯಾಯಾಲಯದ ಮೂಲಕ ಅದನ್ನು ಜಾರಿಗೊಳಿಸುವಂತಿರಲಿಲ್ಲ.

ಇದೇ 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಅಧ್ಯಯನ ನಡೆಸಿದರು. ತಮ್ಮ ಬರಹಗಳಲ್ಲಿ ಅದನ್ನು ಅವರು ರಾಂಪುರ ಎಂದು ಕರೆದರು. ಅವರು ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಹಳ್ಳಿಯ ಅಧ್ಯಯನಕ್ಕೆ ಹೊಸ ಕಣ್ಣನ್ನು ಕೊಟ್ಟಿತು. ಯಾರ ಬಳಿ ಭೂಮಿ ಹೆಚ್ಚಿದೆ, ಯಾರ ಸಂಖ್ಯೆ ಹೆಚ್ಚಿದೆ, ಯಾರ ಮಾತಿಗೆ ವ್ಯಾಜ್ಯಗಳು ತೀರುತ್ತವೆ ಎಂದು ಅದು ಕೇಳಿತು. ಕಾಗದದ ಮೇಲಿನ ಪಂಚಾಯಿತಿಯ ಹಿಂದೆ ಇನ್ನೊಂದು ಪಂಚಾಯಿತಿ ಇರಬಲ್ಲದು ಎಂಬುದನ್ನು ಈ ದೃಷ್ಟಿ ತೋರಿಸಿಕೊಟ್ಟಿತು. ಅಂಬೇಡ್ಕರರ ಆತಂಕವನ್ನು ಅರಿಯಲು ಇದು ನೆರವಾಗುತ್ತದೆ.

ನಾಲ್ಕನೆಯದು ಆಡಳಿತಗಾರರ ದೃಷ್ಟಿಕೋನ. ಸಮುದಾಯ ಅಭಿವೃದ್ಧಿ ಕಾರ್ಯಕ್ರಮಗಳನ್ನು ಪರಿಶೀಲಿಸಿದ ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಮೂರು ಹಂತಗಳ ವ್ಯವಸ್ಥೆಯನ್ನು ಸೂಚಿಸಿತು. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಜಿಲ್ಲೆ ಮತ್ತು ಮಂಡಲಗಳೆಂಬ ಎರಡು ಹಂತಗಳನ್ನು ಸೂಚಿಸಿತು. ಅದನ್ನು ಗಂಭೀರವಾಗಿ ತೆಗೆದುಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಸಚಿವರಾಗಿದ್ದ, ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರ ಕಾಯಿದೆ ರೂಪುಗೊಂಡಿತು. ಅದರಡಿ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಆದರೆ 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು.

ಈ ದೃಷ್ಟಿಕೋನಗಳ ನಡುವೆ ನಮ್ಮ ಧರ್ಮಸಭೆಯ ಸಾಮಾಜಿಕ ಬೋಧನೆಗೂ ಒಂದು ಸ್ಥಾನವಿದೆ. 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರು ಹೊರಡಿಸಿದ ‘ಕ್ವಾದ್ರಾಜೆಸಿಮೊ ಆನ್ನೊ’ ಎಂಬ ಪರಿಪತ್ರವು, ಚಿಕ್ಕ ಸಮುದಾಯಗಳು ತಾವೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆಗಳು ಕಿತ್ತುಕೊಳ್ಳುವುದು ಅನ್ಯಾಯವೆಂದು ಬೋಧಿಸಿತು. ಮೇಲಿನವರಿಗೆ ಇರುವುದು ನೆರವಾಗುವ ಹೊಣೆ, ನುಂಗುವ ಹಕ್ಕಲ್ಲ. ಈ ತತ್ವ ಹಳ್ಳಿಯನ್ನು ಸ್ವರ್ಗವೆಂದು ಭಾವಿಸುವುದಿಲ್ಲ. ಚಿಕ್ಕ ಸಮುದಾಯದೊಳಗೆ ದುರ್ಬಲನು ತುಳಿತಕ್ಕೊಳಗಾದಾಗ ಕೈಹಿಡಿಯಬೇಕಾದ ಕರ್ತವ್ಯವೂ ಆ ನೆರವಿನಲ್ಲಿ ಅಡಗಿದೆ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಒಂದು ಅರ್ಥದಲ್ಲಿ ಈ ಎಲ್ಲ ಕಣ್ಣುಗಳನ್ನು ಒಟ್ಟುಗೂಡಿಸಿದ ಪ್ರಯತ್ನ. ಗಾಂಧೀಜಿ ಬಯಸಿದ ಹಳ್ಳಿಗೆ ಅದು ಸಂವಿಧಾನದಲ್ಲಿ ಭದ್ರವಾದ ಸ್ಥಾನ ನೀಡಿತು. ಅಂಬೇಡ್ಕರರ ಆತಂಕಕ್ಕೆ ಉತ್ತರವಾಗಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಷ್ಟು ಮತ್ತು ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಕರ್ನಾಟಕವು 2010ರಲ್ಲಿ ಮಹಿಳಾ ಮೀಸಲಾತಿಯನ್ನು ಶೇ. 50ಕ್ಕೆ ಏರಿಸಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ಸಂವಿಧಾನವೇ ಹೇಳುತ್ತದೆ. ಹೀಗಿದ್ದೂ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದವು. 1992ರ ಇತಿಹಾಸ ಮತ್ತೆ ಕಾಣಿಸಿಕೊಂಡಿತು. ಇದು ಮನೆಮಾತಾಗಿ ಚರ್ಚೆಯಾಗದೆ ಹೋದದ್ದೇ ಹೆಚ್ಚು ಯೋಚಿಸಬೇಕಾದ ಸಂಗತಿ.

ಓದುಗರೇ, ಒಂದೇ ಕಣ್ಣಿನಿಂದ ನೋಡಿದವರೆಲ್ಲರೂ ಏನನ್ನೋ ಬಿಟ್ಟರು. ಆದ್ದರಿಂದ ಮುಂದಿನ ಗ್ರಾಮಸಭೆಗೆ ಕುಟುಂಬದೊಡನೆ ಹೋದಾಗ ಎಲ್ಲ ಕಣ್ಣುಗಳನ್ನೂ ಜೊತೆಗೊಯ್ಯಿರಿ. ವಿಲ್ಕ್ಸ್‌ನಂತೆ ಯಾರು ಯಾವ ಕೆಲಸಕ್ಕೆ ಹೊಣೆ ಎಂದು ಗುರುತಿಸಿರಿ. ಮಿಲ್‌ನಂತೆ ನಿಮ್ಮ ಮಕ್ಕಳು ಇಲ್ಲಿ ಏನು ಕಲಿಯುತ್ತಿದ್ದಾರೆ ಎಂದು ಯೋಚಿಸಿರಿ. ಶ್ರೀನಿವಾಸರಂತೆ ಯಾರ ಮಾತು ನಡೆಯುತ್ತಿದೆ ಎಂದು ಗಮನಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಇನ್ನೂ ಬಾಗಿಲ ಬಳಿಯೇ ನಿಂತಿದ್ದಾರೆ ಎಂದು ತಿರುಗಿ ನೋಡಿರಿ. ಅವರಿಗೊಂದು ಕುರ್ಚಿಯನ್ನು ಒದಗಿಸುವುದು ಯಾವ ಸಿದ್ಧಾಂತಕ್ಕೂ ಕಾಯಬೇಕಾದ ಕೆಲಸವಲ್ಲ.