ಸ್ವಯಂಚಾಲಿತ ದ್ವಿಚಕ್ರ ವಾಹನ: ಐಡ್ಲಿಂಗ್ ಮತ್ತು ಗೇರ್ ಹಿಡಿತದ ದೋಷಗಳು

ಕ್ಲಚ್ ಲಿವರ್ ಇಲ್ಲದೆ, ಎಂಜಿನ್ನಿನ ವೇಗವನ್ನೋ ಆಯಿಲ್ ಒತ್ತಡವನ್ನೋ ನಂಬಿ ಕ್ಲಚ್ಚು ತಾನಾಗಿ ಹಿಡಿದು ತಾನಾಗಿ ಬಿಡುವ ವಾಹನಗಳನ್ನು ಸ್ವಯಂಚಾಲಿತ ದ್ವಿಚಕ್ರ ವಾಹನ ಎನ್ನುತ್ತಾರೆ. ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಮೂರು ಬಗೆ: ಬೆಲ್ಟ್ ಮೇಲೆ ಓಡುವ ಗೇರ್‌ಲೆಸ್ ಸ್ಕೂಟರ್, ಕಾಲಲ್ಲಿ ಗೇರ್ ಹಾಕಬೇಕಾದ ಅರೆ ಸ್ವಯಂಚಾಲಿತ ಬೈಕ್, ಎರಡು ಕ್ಲಚ್‌ಗಳನ್ನು ಕಂಪ್ಯೂಟರ್ ನಡೆಸುವ ಡಿಸಿಟಿ ಬೈಕ್. ರಚನೆ ಬೇರೆ ಬೇರೆಯಾದರೂ ಒಂದು ಸಂಗತಿ ಮೂರಕ್ಕೂ ಸಮಾನ. ಐಡ್ಲಿಂಗ್, ಅಂದರೆ ರೇಸ್ ಕೊಡದಿರುವಾಗ ಎಂಜಿನ್ ಓಡುವ ವೇಗ, ತಪ್ಪಿದರೆ ಗೇರ್ ಹಿಡಿತವೂ ತಪ್ಪುತ್ತದೆ. ‘ಬ್ರೇಕ್ ಬಿಟ್ಟರೆ ಗಾಡಿ ತಾನೇ ಮುಂದಕ್ಕೆ ಎಳೆಯುತ್ತೆ’, ‘ಗೇರ್ ಹಾಕಿದರೆ ಠಕ್ ಅಂತ ಜರ್ಕ್ ಹೊಡೆಯುತ್ತೆ’, ‘ಸಿಗ್ನಲ್‌ನಲ್ಲಿ ಆಫ್ ಆಗುತ್ತೆ’ ಎಂಬ ದೂರು ಬಂದಾಗ ಮೊದಲು ಐಡ್ಲಿಂಗ್ ನೋಡಬೇಕು. ಕ್ಲಚ್ ಬಿಚ್ಚುವುದು ಆಮೇಲಿನ ಮಾತು. ಈ ಕ್ರಮ ತಲೆಕೆಳಗಾದಾಗಲೇ ಸರಿಯಾಗಿರುವ ಬಿಡಿಭಾಗಗಳಿಗೆ ಮಾಲೀಕರು ದುಡ್ಡು ತೆರುತ್ತಾರೆ.

ಎಂಜಿನ್ನಿನ ವೇಗ ಏರಿದಾಗ ತಾನಾಗಿ ಹಿಡಿಯುವ ಕೇಂದ್ರಾಪಗಾಮಿ ಕ್ಲಚ್ಚನ್ನು ಜಗತ್ತಿನ ಬೀದಿಗಳಿಗೆ ತಂದದ್ದು 1958ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಹೋಂಡಾ ಸೂಪರ್ ಕಬ್. 2017ರಲ್ಲಿ ಅದರ ಒಟ್ಟು ಉತ್ಪಾದನೆ ಹತ್ತು ಕೋಟಿ ಮುಟ್ಟಿತು. ಭಾರತದಲ್ಲಿ ಇದೇ ಬಗೆಯ ಹೀರೋ ಹೋಂಡಾ ಸ್ಟ್ರೀಟ್, 2009ರ ಟಿವಿಎಸ್ ಜೈವ್ ಎರಡೂ ಹೆಚ್ಚು ಕಾಲ ನಿಲ್ಲಲಿಲ್ಲ. ಇಲ್ಲಿ ಗೆದ್ದದ್ದು ಗೇರ್‌ಲೆಸ್ ಸ್ಕೂಟರ್. 1984ರಲ್ಲಿ ಕೈನೆಟಿಕ್ ಹೋಂಡಾ ಹಾಕಿದ ದಾರಿಯನ್ನು 2001ರ ಆಕ್ಟಿವಾ ಹೆದ್ದಾರಿಯಾಗಿಸಿತು. 

ಸ್ಕೂಟರಿನಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಪುಲ್ಲಿಯಿಂದ ಬೆಲ್ಟ್ ಮೂಲಕ ಹಿಂದಿನ ಪುಲ್ಲಿಗೆ, ಅಲ್ಲಿಂದ ಕ್ಲಚ್ ಶೂಗಳಿಗೆ ಹೋಗುತ್ತದೆ. ವೇಗ ಏರಿದಂತೆ ಶೂಗಳು ಸ್ಪ್ರಿಂಗ್‌ಗಳ ಎಳೆತ ಮೀರಿ ಹೊರಕ್ಕೆ ಸರಿದು, ಸುತ್ತಲಿನ ಬೆಲ್ ಎಂಬ ಬಟ್ಟಲಿನ ಒಳಗೋಡೆಯನ್ನು ಕಚ್ಚುತ್ತವೆ. ಆಗ ಚಕ್ರ ತಿರುಗುತ್ತದೆ. ಶೂ ಹಿಡಿಯುವುದು ಸಾಮಾನ್ಯವಾಗಿ ನಿಮಿಷಕ್ಕೆ 2,500ರಿಂದ 3,000 ಸುತ್ತಿನ ಆಸುಪಾಸಿನಲ್ಲಿ. ಆಕ್ಟಿವಾದಂಥ ಸ್ಕೂಟರಿನ ಐಡ್ಲಿಂಗ್ ಸುಮಾರು 1,700 ಸುತ್ತು. ನಡುವಿನ ಈ ಅಂತರವೇ ಗಾಡಿಯನ್ನು ನಿಂತಲ್ಲಿ ನಿಲ್ಲಿಸುವುದು. ಐಡ್ಲಿಂಗ್ ಮೇಲೇರಿದರೂ, ಸ್ಪ್ರಿಂಗ್ ಸಡಿಲಾದರೂ ಅಂತರ ಕುಗ್ಗಿ ಗಾಡಿ ಎಳೆಯತೊಡಗುತ್ತದೆ.

ಇವೆರಡರಲ್ಲಿ ತಪ್ಪು ಯಾವುದರದು ಎಂದು ತಿಳಿಯಲು ಉಪಕರಣ ಬೇಕಿಲ್ಲ. ಗಾಳಿಯಾಡುವ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ಹಿಂದಿನ ಚಕ್ರವನ್ನು ಗಮನಿಸಬೇಕು. ಮೆಲ್ಲಗೆ ತಿರುಗುತ್ತಿದ್ದು ಬ್ರೇಕ್ ಮುಟ್ಟಿದ ಕೂಡಲೇ ನಿಂತು, ಬಿಟ್ಟ ಮೇಲೂ ಸುಮ್ಮನಿದ್ದರೆ ದೋಷವಿಲ್ಲ. ಅದು ಬೇರಿಂಗ್‌ನ ಎಳೆತವಷ್ಟೆ. ಬ್ರೇಕ್ ಬಿಟ್ಟೊಡನೆ ರಭಸದಿಂದ ತಿರುಗಿದರೆ ಎಂಜಿನ್ನಿನ ಶಬ್ದ ಕೇಳಿ. ಶಬ್ದ ಜೋರಾಗಿದ್ದರೆ ಐಡ್ಲಿಂಗ್ ಹೆಚ್ಚಾಗಿದೆ. ಸಹಜವಾಗಿದ್ದರೆ ಕ್ಲಚ್ ಸ್ಪ್ರಿಂಗ್ ಸೋತಿದೆ ಅಥವಾ ತುಂಡಾಗಿದೆ.

ಐಡ್ಲಿಂಗ್ ಏರಲು ಕಾರಣಗಳು ಹಲವು. ಆಕ್ಸಿಲರೇಟರ್ ಕೇಬಲ್‌ಗೆ ಸಡಿಲ ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದಾಗಲೇ ರೇಸ್ ಏರುತ್ತದೆ. ಈ ಪರೀಕ್ಷೆ ಅರೆ ನಿಮಿಷದ್ದು, ಆದರೂ ಬಹುತೇಕರು ಮಾಡುವುದಿಲ್ಲ. ಚೋಕ್ ಸಿಕ್ಕಿಕೊಂಡಿರಬಹುದು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಹೊರಗಾಳಿ ಒಳನುಗ್ಗಿದರೆ ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿದು ಅಲೆದಾಡುತ್ತದೆ. ಅಂಥ ಗಾಡಿಯನ್ನು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸರಿಪಡಿಸಲಾಗದು.

ಆಫ್ ಆಗುವ ಗಾಡಿಯಲ್ಲಿ ಮೊದಲ ಸಂಶಯ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಕಾರ್ಬುರೇಟರಿನ ಪೈಲಟ್ ಜೆಟ್ ಮೇಲೆ. ವಾರಗಟ್ಟಲೆ ನಿಂತ ಗಾಡಿಯ ಪೆಟ್ರೋಲ್ ಆರಿ ಅಂಟಾಗಿ ಆ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನೂ ಹೀರಿಕೊಳ್ಳುತ್ತದೆ. ಕೊಳೆಯಾದ ಏರ್ ಫಿಲ್ಟರ್, ಸವೆದ ಸ್ಪಾರ್ಕ್ ಪ್ಲಗ್ ಆಮೇಲಿನವು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಮಾತ್ರ ಆಫ್ ಆದರೆ ವಾಲ್ವ್ ಅಂತರ ಬಿಗಿಯಾಗಿದೆಯೇ ಎಂದು ಅಳೆಯಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಕಾರ್ಬುರೇಟರ್‌ನ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದಿದೆ. ಅಲ್ಲಿ ಐಡ್ಲಿಂಗ್ ನಿಗದಿ ಮಾಡುವುದು ಇಸಿಯು ಎಂಬ ಎಂಜಿನ್ ಕಂಪ್ಯೂಟರ್. ಥ್ರಾಟಲ್ ಬಾಡಿಯ ಇಂಗಾಲ ತೊಳೆದು, ಎಂಜಿನ್ ಸೂಚಕ ದೀಪ ಹೇಳುವ ದೋಷವನ್ನು ಓದಬೇಕೇ ಹೊರತು, ಹಳೆಯ ಅಭ್ಯಾಸದಂತೆ ಸ್ಕ್ರೂ ಹುಡುಕಬಾರದು.

ಗಾಡಿ ಹಿಡಿಯದಿರುವುದು ತಾನೇ ಎಳೆಯುವ ದೋಷದ ಇನ್ನೊಂದು ಮುಖ. ರೇಸ್ ಕೊಟ್ಟರೆ ಶಬ್ದ ಏರುತ್ತದೆ, ಗಾಡಿ ಅಲುಗದು ಎಂದರೆ ಹೆಚ್ಚಿನಂಶ ಬೆಲ್ಟ್ ಕಟ್ಟಾಗಿದೆ. ಬೆಲ್ಟ್‌ಗೆ ಸಾಮಾನ್ಯವಾಗಿ 24,000 ಕಿ.ಮೀ. ಆಸುಪಾಸಿನ ಆಯುಸ್ಸು ಹೇಳುತ್ತಾರೆ. ಅದಕ್ಕಿಂತ ಮೊದಲೇ ಬಿರುಕು ಕಂಡರೂ ಬದಲಿಸಬೇಕು. ಹೊರಡುವಾಗ ಗಾಡಿ ನಡುಗಿದರೆ ಶೂ ಮೇಲೆ ಹೊಳಪು ಕಟ್ಟಿದೆ ಅಥವಾ ಬೆಲ್‌ನಲ್ಲಿ ಗೀರು ಬಿದ್ದಿದೆ. ಆಯಿಲ್ ಸೀಲ್ ಸೋರಿ ಬೆಲ್ಟ್‌ಗೆ ಜಿಡ್ಡು ತಗುಲಿದರೆ ಪಿಕಪ್ ಹೋಗುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ಬೆಲ್ಟ್ ಜಾರಿದರೆ ಹೊಸ ಬೆಲ್ಟ್ ಬೇಕಿಲ್ಲ. ಬೆಲ್ಟ್ ಕವರ್ ಒಳಗಿನ ನೀರು ಬಸಿದು ಒಣಗಿದರೆ ಸಾಕು. ಕ್ಲಚ್ ದೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ದೃಶ್ಯ. ಆ ದೂಳು ಊದುವವನ ಶ್ವಾಸಕೋಶಕ್ಕೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಸೂಪರ್ ಕಬ್ ಜಾತಿಯ ಅರೆ ಸ್ವಯಂಚಾಲಿತ ಬೈಕುಗಳಲ್ಲಿ ಐಡ್ಲಿಂಗ್ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಆಗ ನ್ಯೂಟ್ರಲ್‌ನಿಂದ ಒಂದನೇ ಗೇರ್‌ಗೆ ಹಾಕಿದರೆ ಬೈಕ್ ಮುಂದಕ್ಕೆ ನೆಗೆಯುತ್ತದೆ. ಐಡ್ಲಿಂಗ್ ಸರಿಪಡಿಸಿದ ಮೇಲೂ ಇದು ನಿಲ್ಲದಿದ್ದರೆ ಎಂಜಿನ್ನಿನ ಬಲಬದಿಯ ಕ್ಲಚ್ ಸ್ಕ್ರೂವನ್ನು ಹೊಂದಿಸಬೇಕು. ಲಾಕ್ ನಟ್ ಸಡಿಲಿಸಿ, ಹಗುರವಾಗಿ ತಡೆ ಸಿಗುವ ತನಕ ಎಡಕ್ಕೆ ತಿರುಗಿಸಿ, ಎಂಟನೇ ಒಂದು ಸುತ್ತು ಬಲಕ್ಕೆ ತಂದು ನಟ್ ಬಿಗಿಯುವುದು ಹಳೆಯ ಕಬ್‌ಗಳ ರೂಢಿ. ಬೇರೆ ಮಾದರಿಗಳಿಗೆ ಆಯಾ ಕೈಪಿಡಿಯ ಅಳತೆಯೇ ಪ್ರಮಾಣ.

ಡಿಸಿಟಿಯನ್ನು ಮೊದಲು ಪಡೆದ ಬೈಕ್ 2010ರ ಹೋಂಡಾ ವಿಎಫ್‌ಆರ್1200ಎಫ್. ಒಂದು ಕ್ಲಚ್ 1, 3, 5ನೇ ಗೇರ್‌ಗಳನ್ನೂ ಇನ್ನೊಂದು 2, 4, 6ನ್ನೂ ನೋಡಿಕೊಳ್ಳುತ್ತದೆ. ನ್ಯೂಟ್ರಲ್‌ನಿಂದ ಡಿ (ಡ್ರೈವ್) ಸ್ಥಾನಕ್ಕೆ ಹೋಗುತ್ತಿಲ್ಲ ಎಂಬ ದೂರಿನಲ್ಲಿ ಬಹಳ ಸಲ ಬೈಕ್ ಕೆಟ್ಟಿರುವುದಿಲ್ಲ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ, ಆಕ್ಸಿಲರೇಟರ್ ತುಸು ತೆರೆದಿದ್ದರೆ, ಮುಂಜಾನೆಯ ತಣ್ಣನೆಯ ಎಂಜಿನ್ ವೇಗವಾಗಿ ಐಡ್ಲ್ ಆಗುತ್ತಿದ್ದರೆ ಕಂಪ್ಯೂಟರ್ ಗೇರ್ ಕೊಡುವುದಿಲ್ಲ. ಗೇರ್ ಸೂಚಕದಲ್ಲಿ ಅಡ್ಡಗೆರೆ ಮಿನುಗುತ್ತಿದ್ದರೆ ನಿಜವಾದ ದೋಷ ಇರಬಹುದು. ಈ ಕ್ಲಚ್‌ಗಳನ್ನು ಒತ್ತುವುದು ಎಂಜಿನ್ ಆಯಿಲ್ ಆದ್ದರಿಂದ ಆಯಿಲ್ ಮಟ್ಟ ಮತ್ತು ಕ್ಲಚ್‌ನ ಪ್ರತ್ಯೇಕ ಫಿಲ್ಟರನ್ನು ಮೊದಲು ನೋಡಬೇಕು. ಸ್ಕೂಟರನ್ನಾಗಲಿ ಡಿಸಿಟಿ ಬೈಕನ್ನಾಗಲಿ ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ದೂರ ಹೊರಡುವವರು ಬ್ಯಾಟರಿಯನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕು.