ಗೋಡೆಬರಹದ ದರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಂಥ ಊರುಗಳಲ್ಲಿ ಸ್ವತಂತ್ರವಾಗಿ ದುಡಿಯುವ ಪೇಂಟರ್‌ಗಳು ಗೋಡೆಬರಹ, ಬೋರ್ಡುಗಳಿಗೆ ಬೆಲೆ ಕಟ್ಟುವ ಬಗೆ ಇದು. ಸಿಮೆಂಟ್ ಜಾಹೀರಾತಿನಂಥ ದೊಡ್ಡ ಗೋಡೆಗೆ, ಶಹಾಬಾದ್ ಕಲ್ಲಿಗಿರುವಂತೆಯೇ, ಚದರ ಅಡಿಯ ಲೆಕ್ಕ: 10 ಅಡಿ ಉದ್ದ, 8 ಅಡಿ ಎತ್ತರವಿದ್ದರೆ 80 ಚದರ ಅಡಿ. ಬಣ್ಣ ಯಾರದೆಂಬುದು ಮೊದಲೇ ತೀರ್ಮಾನವಾಗಬೇಕು. ಗಿರಾಕಿಯದಾದರೆ ಕೂಲಿ ಮಾತ್ರ. ಗೋಡೆ ಕೆರೆದು ಸುಣ್ಣ ಬಳಿಯುವುದು, ಏಣಿ, ಓಡಾಟದ ಖರ್ಚು ದರಕ್ಕೆ ಸೇರುತ್ತವೆ.

ಚಿತ್ರ ಬಂದಾಗ ಚದರ ಅಡಿಯ ಈ ಅಳತೆ ಸೋಲುತ್ತದೆ. ಒಂದು ಅಡಿಯ ದೇವರ ಮುಖಕ್ಕೆ ಇಡೀ ಗೋಡೆಯ ಅಕ್ಷರಗಳಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಆದ್ದರಿಂದ ಭಾವಚಿತ್ರಗಳಿಗೆ ಒಟ್ಟು ಮೊತ್ತ ಮಾತಾಡಿ ಮುಂಗಡ ಪಡೆಯುವುದೇ ನ್ಯಾಯ. ಬೋರ್ಡಿನ ಕೆಲಸವಂತೂ ಫ್ಲೆಕ್ಸ್ ಬಂದ ಮೇಲೆ ಕುಗ್ಗಿತು. ಇನ್ನು ಸರ್ಕಾರಿ ಶಾಲೆ, ಅಂಗನವಾಡಿ ಗೋಡೆಗಳ ಕೆಲಸದಲ್ಲಿ ಹಣ ಬಿಲ್ಲು ಪಾಸಾದ ಮೇಲಷ್ಟೇ ಕೈಸೇರುವುದರಿಂದ, ಕಾಯುವ ದಿನಗಳನ್ನೂ ದರದಲ್ಲಿ ಹಿಡಿಯಬೇಕಾಗುತ್ತದೆ.